ಕಡಲ ಹಕ್ಕಿಗಳ ಲೆಕ್ಕವನ್ನೂ ಇಡೋಣ



ಜೂನ್‌ನಿಂದ ಆಗಸ್ಟ್ ತನಕ, ಕಡಲು ಕೆರಳಿರುವ ದಿನಗಳಲ್ಲಿ, ನಮ್ಮ ಕರ್ನಾಟಕ ಕರಾವಳಿಯ ದಡಕ್ಕೆ ಗುರುತಿಲ್ಲದ ಹಕ್ಕಿಗಳು ಬಂದು ಬೀಳುತ್ತವೆ. ಕೆಲವು ಇನ್ನೂ ಜೀವ ಹಿಡಿದುಕೊಂಡು, ರೆಕ್ಕೆ ಜೋಲುಬಿಟ್ಟು ಮರಳಿನ ಮೇಲೆ ಕೂತಿರುತ್ತವೆ. ಕೆಲವು ಸತ್ತು, ಅಲೆ ತಂದು ಹಾಕಿದ ಕಸದ ಸಾಲಿನಲ್ಲಿ ಬಾಟಲಿ, ಬಲೆಯ ಚೂರುಗಳ ನಡುವೆ ಬಿದ್ದಿರುತ್ತವೆ. ನಾಯಿಯೋ ಕಾಗೆಯೋ ಎಳೆದು ತಿಂದ ಮೇಲೆ ಮಾರನೆಯ ದಿನಕ್ಕೆ ನಾಲ್ಕು ಗರಿ ಉಳಿದರೆ ಹೆಚ್ಚು. ಅಂಥದೊಂದು ಹಕ್ಕಿ ಇಲ್ಲಿಗೆ ಬಂದಿತ್ತು ಎನ್ನುವುದಕ್ಕೆ ಆಮೇಲೆ ಯಾವ ಪುರಾವೆಯೂ ಇರುವುದಿಲ್ಲ. ಆ ಪುರಾವೆಯನ್ನು ಉಳಿಸಿಕೊಡಿ ಎಂದು ಕೇಳಲು ಈ ಮನವಿ ಬರೆಯುತ್ತಿದ್ದೇನೆ.

ಇವು ಗದ್ದೆ, ಕೆರೆಗಳ ಬದಿಯಲ್ಲಿ ದಿನಾ ಕಾಣುವ ಹಕ್ಕಿಗಳಲ್ಲ. ಮೊಟ್ಟೆಯಿಟ್ಟು ಮರಿ ಮಾಡಲು ನೆಲ ಮುಟ್ಟಿ, ಉಳಿದ ಬದುಕನ್ನು ಬಹುಪಾಲು ನೀರಿನ ಮೇಲೆಯೇ ಕಳೆಯುವಂಥವು. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬುದನ್ನೇ ನೋಡಿ. ಸುಮಾರು ನಲವತ್ತು ಗ್ರಾಂ ತೂಕದ, ಕಪ್ಪು ಮೈಯ, ಬಾಲದ ಬುಡದಲ್ಲಿ ಬಿಳಿ ಪಟ್ಟಿಯಿರುವ ಪುಟ್ಟ ಹಕ್ಕಿ. ಅಂಟಾರ್ಕ್ಟಿಕದ ಬಂಡೆಗಳ ಬಿರುಕಿನಲ್ಲಿ ಮರಿ ಮಾಡಿ, ಅಲ್ಲಿ ಚಳಿಗಾಲ ಬರುವ ಹೊತ್ತಿಗೆ ಹೊರಟು ನಮ್ಮ ಅರಬ್ಬೀ ಸಮುದ್ರದವರೆಗೂ ಬರುತ್ತದೆ. ಕಾಲನ್ನು ನೀರಿಗೆ ತಾಕಿಸುತ್ತ, ಅಲೆಯ ಮೇಲೆ ನಡೆದಂತೆ ಹಾರುತ್ತ, ಮೇಲ್ಪದರದ ಸಣ್ಣ ಜೀವಿಗಳನ್ನು ಹೆಕ್ಕುತ್ತದೆ. ಸತ್ತು ಬಿದ್ದದ್ದನ್ನು ಹತ್ತಿರದಿಂದ ನೋಡಿದರೆ ಕೊಕ್ಕಿನ ಮೇಲೆ ಸಣ್ಣ ಕೊಳವೆಯಂಥ ಮೂಗು ಕಾಣುತ್ತದೆ. ಈ ಹಕ್ಕಿಗಳು ಕಡಲ ನೀರನ್ನೇ ಕುಡಿಯುತ್ತವೆ. ದೇಹ ಸೇರಿದ ಹೆಚ್ಚುವರಿ ಉಪ್ಪನ್ನು ಕಣ್ಣಿನ ಮೇಲಿನ ಗ್ರಂಥಿಗಳು ಬೇರ್ಪಡಿಸಿ ಮೂಗಿನ ಮೂಲಕ ಹೊರಹಾಕುತ್ತವೆ. ಪೆಟ್ರೆಲ್ ಅಲ್ಲದೆ ಬೂಬಿ, ಶಿಯರ್‌ವಾಟರ್, ನಾಡ್ಡಿ ಹಾಗೂ ಕಡಲಿನ ರೀವಗಳೂ (ಟರ್ನ್) ಮಳೆಗಾಲದಲ್ಲಿ ಹೀಗೆ ದಡಕ್ಕೆ ಬೀಳುತ್ತವೆ.

ಇವುಗಳ ಬದುಕು ನಿಂತಿರುವುದು ಬಹುಪಾಲು ಸಣ್ಣ ಮೀನಿನ ಮೇಲೆ. ನಮ್ಮ ಊಟವೂ ಅದರ ಮೇಲೆಯೇ ನಿಂತಿದೆ. ನಾವು ಮಾತ್ರ ಮೀನಿನ ಲೆಕ್ಕ ಇಟ್ಟೆವು, ಹಕ್ಕಿಯ ಲೆಕ್ಕ ಇಡಲಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಶುರುವಾದದ್ದು 1947ರಲ್ಲಿ. ಅದರ ಸಿಬ್ಬಂದಿ ಬಂದರು ಬಂದರಿಗೆ ಹೋಗಿ ಯಾವ ಮೀನು ಎಷ್ಟು ಬಂತು ಎಂದು ದಶಕಗಳಿಂದ ಬರೆದಿಡುತ್ತಿದ್ದಾರೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ ಎಂದು ಇವತ್ತು ನಾವು ಹೇಳಬಲ್ಲೆವು ಎಂದರೆ ಅದಕ್ಕೆ ಆ ಲೆಕ್ಕದ ಪುಸ್ತಕಗಳೇ ಕಾರಣ. ಎಲ್ ನಿನ್ಯೋ ಬಂದು ನೀರು ಬಿಸಿಯಾದದ್ದು, ಎಳೆಯ ಮೀನನ್ನೇ ಬಾಚಿದ್ದು, ಎರಡೂ ಈ ಕುಸಿತಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳಿದರು. ಆಮೇಲೆ ಬೂತಾಯಿ ಮತ್ತೆ ಚೇತರಿಸಿಕೊಂಡಿತು, ಅದೂ ಲೆಕ್ಕದಲ್ಲಿದೆ. ಮೀನಿಗೆ ರಾಜ್ಯದ ಗಡಿಯಿಲ್ಲ. ನಮ್ಮ ಮಲ್ಪೆ, ಮಂಗಳೂರು ದಕ್ಕೆಗಳಲ್ಲೂ ಆ ವರ್ಷಗಳ ಬಿಸಿ ತಟ್ಟಿದೆ. ಆದರೆ ಅದೇ ವರ್ಷಗಳಲ್ಲಿ ಅದೇ ಕಡಲಿನ ಹಕ್ಕಿಗಳು ಹೊಟ್ಟೆಗೆ ಏನು ಮಾಡಿದವು, ಎಷ್ಟು ದಡಕ್ಕೆ ಬಿದ್ದವು? ಅಲ್ಲೊಂದು ಇಲ್ಲೊಂದು ಟಿಪ್ಪಣಿ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವಂಥ ಲೆಕ್ಕ ನಮ್ಮಲ್ಲಿಲ್ಲ.

ಲೆಕ್ಕವಿದ್ದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಪೆಸಿಫಿಕ್ ತೀರವನ್ನು ನೋಡಬೇಕು. 2014ರಿಂದ 2016ರವರೆಗೆ ಅಲ್ಲಿ ಸಮುದ್ರದ ನೀರು ವಿಪರೀತ ಬಿಸಿಯಾಯಿತು. 2015ರ ಬೇಸಿಗೆ ಕಳೆದು ಮುಂದಿನ ವಸಂತ ಬರುವಷ್ಟರಲ್ಲಿ ಕ್ಯಾಲಿಫೋರ್ನಿಯಾದಿಂದ ಅಲಾಸ್ಕದವರೆಗೆ ಸುಮಾರು 62,000 ಕಾಮನ್ ಮರ್ ಹಕ್ಕಿಗಳು ಸತ್ತು ಅಥವಾ ಸಾಯುವ ಸ್ಥಿತಿಯಲ್ಲಿ ದಡಕ್ಕೆ ಬಿದ್ದವು. ಹೆಚ್ಚಿನವು ಸತ್ತದ್ದು ಹಸಿವಿನಿಂದ. ಮರ್ ಆಳಕ್ಕೆ ಮುಳುಗಿ ಮೀನು ಹಿಡಿಯುವುದರಲ್ಲಿ ನಿಸ್ಸೀಮ. ಆದರೆ ದಿನವೂ ತನ್ನ ತೂಕದ ಅರ್ಧದಷ್ಟು ಆಹಾರ ಬೇಕು, ಮೂರ್ನಾಲ್ಕು ದಿನ ಉಪವಾಸ ಬಿದ್ದರೆ ಉಳಿಯುವುದಿಲ್ಲ. ನೀರು ಬಿಸಿಯಾದಾಗ ಎರಡು ಕಡೆಯಿಂದ ಪೆಟ್ಟು ಬಿತ್ತು. ಸಣ್ಣ ಮೀನುಗಳು ಕಡಿಮೆಯಾದವು, ಇದ್ದವೂ ಬಡಕಲಾದವು. ಕಾಡ್, ಪೊಲಾಕ್‌ನಂಥ ದೊಡ್ಡ ಮೀನುಗಳಿಗೆ ಬಿಸಿ ನೀರಿನಲ್ಲಿ ಹಸಿವು ಹೆಚ್ಚಿ, ಹಕ್ಕಿಯ ಪಾಲನ್ನೂ ಅವೇ ತಿಂದವು. ಅಲಾಸ್ಕದಲ್ಲಿ ಸತ್ತ ಮರ್‌ಗಳು ಸುಮಾರು 40 ಲಕ್ಷ, ಅಂದರೆ ಅಲ್ಲಿದ್ದವುಗಳಲ್ಲಿ ಅರ್ಧದಷ್ಟು ಎಂಬ ಅಂದಾಜು 2024ರ ಕೊನೆಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ದಡಕ್ಕೆ ಬಿದ್ದವನ್ನು ಎಣಿಸಿದವರಲ್ಲಿ ವಿಜ್ಞಾನಿಗಳಿಗಿಂತ ಊರಿನವರೇ ಹೆಚ್ಚು. ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಕೋಸ್ಟ್’ ಎಂಬ ಕಾರ್ಯಕ್ರಮದಲ್ಲಿ ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು ತಮ್ಮ ತಮ್ಮ ಪಾಲಿನ ದಡದಲ್ಲಿ ತಿಂಗಳಿಗೊಮ್ಮೆ ನಡೆಯುತ್ತಾರೆ. ಸತ್ತ ಹಕ್ಕಿ ಕಂಡರೆ ಕೊಕ್ಕು, ಕಾಲು, ರೆಕ್ಕೆ ಅಳೆದು, ಚಿತ್ರ ತೆಗೆದು, ಎರಡನೇ ಸಲ ಎಣಿಕೆಗೆ ಬಾರದಂತೆ ಗುರುತು ಹಾಕಿ ಅಲ್ಲೇ ಬಿಡುತ್ತಾರೆ. ಏನೂ ಸಿಗದ ದಿನ ‘ಏನೂ ಇಲ್ಲ’ ಎಂದು ಬರೆಯುತ್ತಾರೆ. ಹಾಗೆ ವರ್ಷಗಟ್ಟಲೆ ಬರೆದಿಟ್ಟದ್ದರಿಂದಲೇ 2015ರಲ್ಲಿ ಕಂಡದ್ದು ಎಂದಿನ ಸಾವಲ್ಲ ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು.

ನಮ್ಮ ಕಡಲೂ ಸುಮ್ಮನಿಲ್ಲ. 1901ರಿಂದ 2012ರ ನಡುವೆ ಪಶ್ಚಿಮ ಹಿಂದೂ ಮಹಾಸಾಗರದ ಮೇಲ್ಮೈ ಮುಂಗಾರಿನ ತಿಂಗಳುಗಳಲ್ಲಿ 1.2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಆರು ದಶಕಗಳಲ್ಲಿ ಅಲ್ಲಿನ ಸಸ್ಯ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳು) ಶೇ 20ರವರೆಗೂ ಕಡಿಮೆಯಾಗಿದೆ ಎಂದು 2016ರಲ್ಲಿ ಹೇಳಿದವರೂ ಇವರೇ. ಮೇಲಿನ ನೀರು ಬಿಸಿಯಾಗಿ ಹಗುರವಾದರೆ, ಕೆಳಗಿನ ತಣ್ಣನೆಯ, ಸತ್ವವುಳ್ಳ ನೀರು ಸುಲಭವಾಗಿ ಮೇಲೇರದು. ಮುಂಗಾರಿನ ಗಾಳಿ ಬೀಸಿ ಆ ತಳದ ನೀರನ್ನು ಮೇಲೆತ್ತುವುದರಿಂದಲೇ ಕೇರಳ, ಕರ್ನಾಟಕದ ತೀರದಲ್ಲಿ ಪ್ಲವಕ ಹುಲುಸಾಗಿ ಬೆಳೆದು ಬೂತಾಯಿಗೆ ಮೇವಾಗುತ್ತದೆ. ಮಳೆಗಾಲಕ್ಕೆ ತೂಫಾನ್ ಏಳದೆ ಮೀನಿಲ್ಲ ಎಂದು ನಾಡದೋಣಿಯ ಹಿರಿಯರು ಕಾಯುತ್ತಾರಲ್ಲ, ಕೆರಳಿದ ಕಡಲಿಗೂ ಬಲೆಗೆ ಬೀಳುವ ಮೀನಿಗೂ ಇರುವ ನಂಟನ್ನು ಅವರು ಯಾವ ಉಪಕರಣವೂ ಇಲ್ಲದೆ ಬಲ್ಲವರು.

ಮೀನು ತಣ್ಣನೆಯ ನೀರು ಹುಡುಕಿಕೊಂಡು ಆಳಕ್ಕೆ ಇಳಿಯಬಲ್ಲದು, ಬೇರೆ ಕಡೆಗೆ ಸರಿಯಬಲ್ಲದು. ದೋಣಿಯೂ ಅದರ ಬೆನ್ನುಹತ್ತಿ ದೂರ ಹೋಗಬಲ್ಲದು, ಡೀಸೆಲ್ ಖರ್ಚಾದೀತು. ರೀವಕ್ಕೆ ಆ ಅನುಕೂಲವಿಲ್ಲ. ಅದು ಮುಳುಗು ಹಕ್ಕಿಯಲ್ಲ, ನೀರಿನ ಮೇಲ್ಪದರದಲ್ಲಿ ಸಿಕ್ಕಿದ್ದಷ್ಟೇ ಅದರ ಪಾಲು. ಲಕ್ಷದ್ವೀಪದ ಕವರತ್ತಿಯ ಬಳಿ ಪಿಟ್ಟಿ ಎಂಬ ಮರಳದಿಣ್ಣೆಯಂಥ ದ್ವೀಪದಲ್ಲಿ ರೀವಗಳೂ ನಾಡ್ಡಿಗಳೂ ಮರಿ ಮಾಡುತ್ತವೆ. ಅಲ್ಲಿನ ಸೂಟಿ ರೀವಗಳಿಗೆ ಟ್ಯೂನಾ ಮೀನು ಕೆಳಗಿನಿಂದ ಅಟ್ಟಿ ಮೇಲಕ್ಕೆ ತಂದ ಚಿಕ್ಕ ಮೀನೇ ಮುಖ್ಯ ಆಹಾರ. ಟ್ಯೂನಾ ದೂರ ಸರಿದರೆ ತಾಯಿಹಕ್ಕಿ ಹೆಚ್ಚು ದೂರ ಹೋಗಬೇಕು, ಗೂಡಿನ ಮರಿ ಹೆಚ್ಚು ಹೊತ್ತು ಕಾಯಬೇಕು.

ದಡಕ್ಕೆ ಬಿದ್ದ ಒಂದು ಹಕ್ಕಿಯನ್ನು ಹಿಡಿದುಕೊಂಡು ಹವಾಮಾನ ಬದಲಾವಣೆಯ ತೀರ್ಪು ಬರೆಯಲು ನಾನು ಹೇಳುತ್ತಿಲ್ಲ. ಜೋರು ಗಾಳಿಗೆ ದಿಕ್ಕು ತಪ್ಪಿದ್ದಿರಬಹುದು, ಬಲೆಗೆ ಸಿಕ್ಕಿದ್ದಿರಬಹುದು, ರೋಗವಿರಬಹುದು. ಬಿರುಗಾಳಿಯಿಲ್ಲದ ವರ್ಷದಲ್ಲೂ ಹೆಚ್ಚು ಹಕ್ಕಿ ಬಿದ್ದರೆ, ಅದೇ ವರ್ಷ ದಕ್ಕೆಯಲ್ಲಿ ಬೂತಾಯಿಯೂ ಇಳಿದಿದ್ದರೆ, ಆಗ ಕೇಳಬೇಕಾದ ಪ್ರಶ್ನೆಗೆ ಆಧಾರ ಸಿಗುತ್ತದೆ. ಅದಕ್ಕೆ ಹತ್ತಾರು ವರ್ಷದ ಲೆಕ್ಕ ಬೇಕು, ಮತ್ತು ಅದನ್ನು ಈಗಲೇ ಶುರುಮಾಡಬೇಕು.

ಇನ್ನು ಮಾಡಬೇಕಾದ್ದು. ನಿಮ್ಮ ಮನೆಗೆ ಹತ್ತಿರದ ಒಂದು ಕಿಲೋಮೀಟರ್ ದಡವನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಸಾಧ್ಯವಾಗದಿದ್ದರೆ ತಿಂಗಳಿಗೊಮ್ಮೆ, ಇಳಿತದ ಹೊತ್ತಿಗೆ ಅಲ್ಲಿ ನಡೆಯಿರಿ. ಸತ್ತ ಹಕ್ಕಿ ಕಂಡರೆ ಪಕ್ಕದಲ್ಲಿ ನಿಮ್ಮ ಚಪ್ಪಲಿಯನ್ನಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬೆನ್ನು, ಹೊಟ್ಟೆ, ಪಕ್ಕದಿಂದ ಕೊಕ್ಕು, ಜಾಲಪಾದ ಎಲ್ಲವೂ ಬರಲಿ. ಅಳತೆಗೆ ಆ ಚಪ್ಪಲಿಯೇ ಸಾಕು. ಕಡ್ಡಿಯಿಂದ ಹೊರಳಿಸಿ ನೋಡುವಾಗ ಎದೆಯ ನಡುಮೂಳೆ ಕತ್ತಿಯ ಅಂಚಿನ ಹಾಗೆ ಎದ್ದು ಕಂಡರೆ ಅದನ್ನು ತಪ್ಪದೆ ಬರೆಯಿರಿ. ಮೈಯಲ್ಲಿದ್ದ ಮಾಂಸವೆಲ್ಲ ಕರಗುವಷ್ಟು ಕಾಲ ಅದು ಹಸಿದಿತ್ತು ಎಂದು ಅರ್ಥ. ಕಾಲಿನಲ್ಲಿ ಲೋಹದ ಉಂಗುರವಿದ್ದರೆ ಅದರ ಸಂಖ್ಯೆ ಬಲು ಬೆಲೆಯುಳ್ಳದ್ದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಹಕ್ಕಿಜ್ವರದ ಭಯವಿರುವುದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ. ಸತ್ತದ್ದರ ಚಿತ್ರವನ್ನು ಐನ್ಯಾಚುರಲಿಸ್ಟ್ ಆ್ಯಪ್‌ಗೆ, ಹಾರುತ್ತಿರುವ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್‌ಗೆ ಹಾಕಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಗೊತ್ತಿದ್ದವರು ಗುರುತಿಸುತ್ತಾರೆ. ಏನೂ ಕಾಣದ ದಿನವನ್ನು ದಯವಿಟ್ಟು ಬಿಡಬೇಡಿ, ನೋಟ್‌ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.

ಜೀವವಿರುವ ಹಕ್ಕಿ ಸಿಕ್ಕಾಗ ಪ್ರೀತಿಯಿಂದಲೇ ನಮ್ಮಲ್ಲಿ ಅನೇಕರು ಅದನ್ನು ಮತ್ತೆ ಅಲೆಗೆ ಎಸೆಯುತ್ತಾರೆ, ಬಾಯಿ ಬಿಡಿಸಿ ನೀರು ಹುಯ್ಯುತ್ತಾರೆ. ಸೋತು ಬಂದ ಹಕ್ಕಿಗೆ ಇವೆರಡೂ ಸಾವನ್ನೇ ತರಬಹುದು. ಬಟ್ಟೆ ಮುಚ್ಚಿ ಹಿಡಿದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಕತ್ತಲಿರುವ, ಸದ್ದಿಲ್ಲದ ಕಡೆ ಇಡಿ. ಬೂಬಿಯ ಕೊಕ್ಕು ಈಟಿಯಂಥದ್ದು, ಕಣ್ಣು ಜೋಪಾನ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಮೀನುಗಾರ ಬಾಂಧವರಲ್ಲಿ ಬೇರೆಯೇ ಒಂದು ಕೋರಿಕೆ. ಹಕ್ಕಿ ಎರಗುವ ಕಡೆ ಮೀನಿದೆ ಎಂದು ದೋಣಿ ನಡೆಸುವ ತಂಡೇಲರು ಬಲ್ಲರು. ಈ ವಿಷಯದಲ್ಲಿ ನಿಮಗಿರುವ ತಿಳಿವಳಿಕೆ ದಡದಲ್ಲಿ ನಡೆಯುವ ನಮಗಿಲ್ಲ. ಹಕ್ಕಿಗಳ ಹಿಂಡು ಕಂಡಾಗ ಅರ್ಧ ನಿಮಿಷದ ವಿಡಿಯೊ ಮಾಡಿ. ಮೀನಿನ ಜಾಗದ ಗುಟ್ಟನ್ನು ಯಾರಿಗೂ ಹೇಳಬೇಕಿಲ್ಲ. ದಡದಿಂದ ಎಷ್ಟು ದೂರ, ಎಷ್ಟು ಮಾರು ಆಳ, ಕೆಳಗೆ ಯಾವ ಮೀನಿತ್ತು ಎಂಬಷ್ಟೇ ಸಾಕು.

ಮಂಗಳೂರಿನ ಮೀನುಗಾರಿಕೆ ಕಾಲೇಜು, ಕಾರವಾರದ ಕಡಲಜೀವಶಾಸ್ತ್ರ ವಿಭಾಗ, ಕರಾವಳಿಯ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು ಒಂದೊಂದು ದಡವನ್ನು ವಹಿಸಿಕೊಂಡರೆ ಈ ಕೆಲಸ ಒಂದಿಬ್ಬರ ಉತ್ಸಾಹದ ಮೇಲೆ ನಿಲ್ಲಬೇಕಾಗುವುದಿಲ್ಲ.

ಮೀನು ಕೊಳ್ಳುವವರಿಗೂ ಈ ಕೆಲಸದಲ್ಲಿ ಪಾಲಿದೆ. ಸಣ್ಣ ಮೀನಿನ ಸಂಗ್ರಹ ಅದರ ಅತ್ಯಧಿಕ ಮಟ್ಟದ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಹಕ್ಕಿಗಳ ಮರಿ ಮಾಡುವಿಕೆ ಕುಸಿಯುತ್ತದೆ ಎಂದು ಏಳು ಕಡಲ ಪ್ರದೇಶಗಳ 14 ಜಾತಿಯ ಹಕ್ಕಿಗಳನ್ನು ಅಧ್ಯಯನ ಮಾಡಿದ ತಂಡವೊಂದು 2011ರಲ್ಲಿ ವರದಿ ಮಾಡಿತು. ಹಕ್ಕಿಗೆ ಆ ಪಾಲು ಉಳಿಯಬೇಕಾದರೆ ಮೀನು ಬೆಳೆದು ಮೊಟ್ಟೆಯಿಡುವವರೆಗೆ ಬದುಕಬೇಕು. ಹತ್ತು ಸೆಂಟಿಮೀಟರ್ ಆಗದ ಬೂತಾಯಿ, ಹದಿನಾಲ್ಕು ಆಗದ ಬಂಗುಡೆ ಹಿಡಿಯಬೇಡಿ ಎಂದು ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹೇಳಿದೆ. ಅಂಥದ್ದು ಬುಟ್ಟಿಯಲ್ಲಿ ಕಂಡರೆ ಕೊಳ್ಳಬೇಡಿ, ಯಾಕೆ ಎಂದು ಮಾರುವ ಅಕ್ಕನಿಗೂ ಹೇಳಿ. ಎಳೆ ಮೀನು ಟನ್‌ಗಟ್ಟಲೆ ಮೀನುಪುಡಿ ಕಾರ್ಖಾನೆಗೆ ಸಾಗದಂತೆ ತಡೆಯುವುದು ಮೀನುಗಾರಿಕೆ ಇಲಾಖೆಯ ಕೆಲಸ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಅದು ದಕ್ಕೆಯಲ್ಲೂ ಕಡಲಿನಲ್ಲೂ ಜಾರಿಯಾಗಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮೊದಲ ನಡಿಗೆಗೆ ಆ ಜೂನ್ 1 ಒಳ್ಳೆಯ ದಿನ. ಅಷ್ಟರೊಳಗೆ ನಿಮ್ಮ ಒಂದು ಕಿಲೋಮೀಟರನ್ನು ಗೊತ್ತುಮಾಡಿಕೊಳ್ಳಿ, ನೀವು ಊರಲ್ಲಿಲ್ಲದ ವಾರ ಯಾರು ನಡೆಯುತ್ತಾರೆ ಎಂದು ನೆರೆಯವರ ಜೊತೆ ಮಾತಾಡಿಕೊಳ್ಳಿ, ಪುಸ್ತಕದ ಮೊದಲ ಪುಟದಲ್ಲಿ ದಡದ ಹೆಸರನ್ನೂ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಬರೆಯಿರಿ.