ಕಾಮಿಕ್ಸ್ ಬರೆಯೋರೇ, ಸಂತೆಗೆ ಬನ್ನಿ

ಹೊಸ ಕಾಮಿಕ್ಸ್ ಸರಣಿಗೆ ಕಥೆ ಸಿಗುತ್ತಿಲ್ಲ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ‘ಅಮರ ಚಿತ್ರಕಥೆ’ ಶುರು ಮಾಡಿದ್ದು ಒಂದು ಕೊರತೆ ಕಂಡು: ನಮ್ಮ ಮಕ್ಕಳಿಗೆ ಗ್ರೀಕ್ ದೇವರುಗಳು ಗೊತ್ತು, ರಾಮನ ತಾಯಿ ಯಾರೆಂದು ಗೊತ್ತಿಲ್ಲ. ಇಂದಿನವರು ಅದೇ ಪುರಾಣವನ್ನು ಮತ್ತೆ ಬರೆಯುತ್ತಾರೆ, ಕೊರತೆ ಕಾಣುವ ಆ ಕಣ್ಣನ್ನು ಮಾತ್ರ ಕಲಿಯುವುದಿಲ್ಲ.

ಇವತ್ತಿನ ಕೊರತೆ ನಮ್ಮೂರು. ನಡುರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಹಾವಿನ ಭಯದಲ್ಲೇ ಟಾರ್ಚ್ ಹಿಡಿದು ಮೋಟಾರ್ ಹಾಕಲು ಹೋಗುವ ರೈತನಿಗಿಂತ ಸಾಹಸಿ ಬೇಕೇ? ದುಡಿದು ಸವೆದ ಹೆಬ್ಬೆಟ್ಟನ್ನು ಮೆಷಿನ್ ಒಪ್ಪದೆ, ಖಾಲಿ ಚೀಲದೊಂದಿಗೆ ರೇಷನ್ ಅಂಗಡಿಯಿಂದ ವಾಪಸಾಗುವ ಅಜ್ಜಿಯ ಕಥೆಗೆ ಬೇರೆ ಖಳನಾಯಕ ಬೇಕೇ?

ಒಂದು ದಿನ ಸಂತೆಯಲ್ಲಿ ಕೂತು ಕಿವಿಗೊಡಿ. ತಮ್ಮೂರನ್ನು ಚಿತ್ರದಲ್ಲಿ ಕಾಣದೆ ಬೆಳೆದ ಮಕ್ಕಳು ಊರು ಬಿಡುವುದನ್ನೇ ಸಾಹಸ ಅಂದುಕೊಳ್ಳುತ್ತಾರೆ.