ಮೊಬೈಲ್ ಬಿಲ್ಲಿನ ಸಣ್ಣ ಸಾಲು

ಸರಬರಾಜುದಾರನ ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚಿದ್ದರೂ ತಕ್ಷಣ ಪ್ರಶ್ನಿಸುವ ನಮ್ಮ ವ್ಯಾಪಾರಿಗಳು, ಮೊಬೈಲ್ ಬಿಲ್ಲನ್ನು ಮಾತ್ರ ಮೊತ್ತವಷ್ಟನ್ನೇ ನೋಡಿ ಪಾವತಿಸುತ್ತಾರೆ. ಲೆಕ್ಕಪತ್ರ ಪರಿಶೋಧನೆಯ ವೇಳೆ ಒಂದು ಸಣ್ಣ ಕಾರ್ಖಾನೆಯ ದೂರವಾಣಿ ವೆಚ್ಚವನ್ನು ನಾನು ಬಿಡಿಸಿ ನೋಡಿದೆ. ನಾಲ್ಕು ಸಂಪರ್ಕಗಳಲ್ಲಿ ಯಾರೂ ಕೇಳದಿದ್ದ ಮನರಂಜನಾ ಸೇವೆಗೆ ತಿಂಗಳಿಗೆ ತಲಾ 99 ರೂ. ಸೇರಿತ್ತು. ವರ್ಷಕ್ಕೆ ಅದು 4,752 ರೂ.; ಶೇ. 18ರ ಜಿಎಸ್‌ಟಿ ಪ್ರತ್ಯೇಕ.

ಇಂತಹ ಮೂರನೆಯವರ ಸೇವೆಗಳಿಗೆ ಚಂದಾದಾರನ ಎರಡು ಬಾರಿಯ ಸ್ಪಷ್ಟ ಒಪ್ಪಿಗೆ ಅಗತ್ಯವೆಂದು ಟ್ರಾಯ್ 2013ರ ಜುಲೈನಲ್ಲಿ ನಿರ್ದೇಶಿಸಿತು. ಸೇವೆ ಆರಂಭವಾದ 24 ಗಂಟೆಗಳೊಳಗೆ ನಿಲ್ಲಿಸುವಂತೆ ಕೋರಿದರೆ ಹಣ ಹಿಂದಿರುಗಿಸಬೇಕು. ನಿಲುಗಡೆಗೆ 155223 ಎಂಬ ಶುಲ್ಕರಹಿತ ಸಂಖ್ಯೆಯೂ ಇದೆ. ಆದರೆ ಸೇವೆಯನ್ನು ನಿಲ್ಲಿಸುವುದೇ ಬೇರೆ, ಈಗಾಗಲೇ ತೆತ್ತ ಹಣವನ್ನು ಪಡೆಯುವುದೇ ಬೇರೆ. ಅದಕ್ಕಾಗಿ ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ, ಡಾಕೆಟ್ ಸಂಖ್ಯೆ ಪಡೆದು, ಒಪ್ಪಿಗೆಯ ದಾಖಲೆಯನ್ನು ಲಿಖಿತವಾಗಿ ಕೇಳಬೇಕು. ಪರಿಹಾರ ತೃಪ್ತಿಕರವಲ್ಲದಿದ್ದರೆ, 2012ರ ನಿಯಮಗಳನ್ವಯ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು.

ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿರುವುದು ನಿಜ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಹೊರಗಿಟ್ಟಿದೆ. ಆದುದರಿಂದ ಸಂಸ್ಥೆಯ ಹೆಸರಿನಲ್ಲಿರುವ ಸಂಪರ್ಕಗಳಿಗೆ ಆ ಬಾಗಿಲು ಸುಲಭವಾಗಿ ತೆರೆಯದು. ನಮ್ಮಂಥವರಿಗೆ ಮೊದಲೆರಡು ಹಂತಗಳಲ್ಲಿನ ಎಚ್ಚರಿಕೆಯೇ ಮುಖ್ಯ.

ಹಣ ಮರಳಿದಾಗಲೂ ಲೆಕ್ಕ ಸರಿಯಾಗಿರಬೇಕು. ಮುಂದಿನ ಬಿಲ್ಲಿನಲ್ಲಿ ‘ರಿಯಾಯಿತಿ’ ಎಂಬ ಅಸ್ಪಷ್ಟ ನಮೂದನ್ನು ಒಪ್ಪದೆ, ತೆರಿಗೆ ಸಹಿತವಾದ ಕ್ರೆಡಿಟ್ ನೋಟನ್ನೇ ಕೇಳಿರಿ. ಪಡೆದಿರುವ ಹೂಡುವಳಿ ತೆರಿಗೆ ಜಮೆಯನ್ನು ಅಷ್ಟರಮಟ್ಟಿಗೆ ತಗ್ಗಿಸಿರಿ.

ಮೊತ್ತ ಚಿಕ್ಕದು, ಓಡಾಟ ದೊಡ್ಡದು ಎಂಬ ಮಾತನ್ನು ನಾನು ಒಪ್ಪಲಾರೆ. ಹನಿಹನಿಗೂಡಿದರೆ ಹಳ್ಳವಾಗುವುದು ಉಳಿತಾಯದಲ್ಲಿ ಮಾತ್ರವಲ್ಲ, ಸೋರಿಕೆಯಲ್ಲಿಯೂ ಹೌದು. ಪ್ರಶ್ನಿಸದೆ ಪಾವತಿಸಿದ ಪ್ರತಿ ಬಿಲ್ಲೂ ಮುಂದಿನ ಬಿಲ್ಲಿಗೆ ನಾವು ಕೊಡುವ ಮೌನ ಸಮ್ಮತಿಯಂತಾಗುತ್ತದೆ. ಸದಸ್ಯರು ಪ್ರತಿ ತಿಂಗಳು ಸಂಪರ್ಕವಾರು ವಿವರವನ್ನು ಪರಿಶೀಲಿಸಿ, ಸಹಿ ಮಾಡಿದ ನಂತರವೇ ಪಾವತಿಗೆ ಕಳುಹಿಸುವ ಪದ್ಧತಿಯನ್ನು ಈ ತಿಂಗಳಿನಿಂದಲೇ ಆರಂಭಿಸುವುದು ಒಳಿತು.