ಆಟದ ನೆಲ, ನೆಲದ ಹೆಸರು

ಗಣಕಯಂತ್ರದ ಮೇಲಿನ ಯುದ್ಧದಾಟಗಳೆಂದರೆ ನಮ್ಮ ಹಿರಿಯರಿಗೆ ಬರಿಯ ಕಾಲಹರಣ. ಗುಂಡು ಹಾರಿಸುವುದಷ್ಟೇ ಆಟವಾದರೆ ಆ ದೂರು ನ್ಯಾಯವೇ ಸರಿ. ಆದರೆ ಸೇನೆಯ ನಡೆಯನ್ನು ಆದಷ್ಟು ನಿಜಕ್ಕೆ ಸಮೀಪವಾಗಿ ಅನುಕರಿಸುವ ಆಟಗಳು ಬೇರೊಂದು ಜಾತಿ. ಅಲ್ಲಿ ಬಂದೂಕಿಗಿಂತ ಮೊದಲು ಕಲಿಯಬೇಕಾದುದು ನೆಲದ ಹೆಸರುಗಳನ್ನು. ಈ ಕಲಿಕೆ ನಮ್ಮ ಭೂಗೋಳದ ತರಗತಿಗೂ ಬರಬೇಕೆಂಬುದು ನನ್ನ ವಾದ.

ಝೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಸಂಸ್ಥೆ 2013ರಲ್ಲಿ ಹೊರತಂದ 'ಆರ್ಮಾ 3' ಇದಕ್ಕೆ ನಿದರ್ಶನ. ಅದರ 'ಆಲ್ಟಿಸ್' ದ್ವೀಪ ಗ್ರೀಸಿನ ಲೆಮ್ನೋಸ್ ದ್ವೀಪದ ಮಾದರಿಯಲ್ಲಿ ರಚಿತವಾದುದು. 2012ರಲ್ಲಿ ಆ ಸಂಸ್ಥೆಯ ಇಬ್ಬರು ಲೆಮ್ನೋಸಿನಲ್ಲಿ ಸೇನಾನೆಲೆಗಳ ಚಿತ್ರ ತೆಗೆದರೆಂಬ ಆಪಾದನೆಗೆ ಗುರಿಯಾಗಿ, 2013ರ ಜನವರಿಯವರೆಗೆ ಸೆರೆಯಲ್ಲಿದ್ದರು. ನೆಲದ ತಿಳಿವಳಿಕೆಗೆ ಸರ್ಕಾರಗಳು ಕಟ್ಟುವ ಬೆಲೆ ಅಷ್ಟು!

ಇಂಥ ಆಟದಲ್ಲಿ ಜೊತೆಗಾರನಿಗೆ 'ಶತ್ರು ಆ ಬೆಟ್ಟದ ಹತ್ತಿರ ಇದ್ದಾನೆ' ಎಂದರೆ ಏನೂ ಹೇಳಿದಂತಾಗದು. ಅಮೆರಿಕದ ಸೇನೆಯ ಕೈಪಿಡಿ ನೆಲದ ರೂಪಗಳನ್ನು ಹತ್ತಾಗಿ ವಿಂಗಡಿಸಿದೆ. ಹಿಲ್, ರಿಡ್ಜ್, ಸ್ಯಾಡಲ್, ವ್ಯಾಲಿ, ಡಿಪ್ರೆಶನ್ ಎಂಬ ಐದು ದೊಡ್ಡವು. ಡ್ರಾ, ಸ್ಪರ್, ಕ್ಲಿಫ್ ಎಂಬ ಮೂರು ಚಿಕ್ಕವು. ಮನುಷ್ಯ ಕಡಿದ ಕಟ್, ತುಂಬಿದ ಫಿಲ್ ಎಂಬ ಎರಡು. ಸ್ಪರ್ ಎಂದರೆ ಬೆಟ್ಟದ ಮೈಯಿಂದ ಹೊರಚಾಚಿ ಇಳಿಯುವ ಏಣು. ಡ್ರಾ ಎಂದರೆ ಎರಡು ಏಣುಗಳ ನಡುವಿನ ಕೊರಕಲು. ನಕ್ಷೆಯ ಸಮೋನ್ನತ ರೇಖೆಗಳು ತಗ್ಗಿನ ಕಡೆಗೆ ಚಾಚಿದ್ದರೆ ಏಣು, ಎತ್ತರದ ಕಡೆಗೆ ಮೊನೆಮಾಡಿದ್ದರೆ ಕೊರಕಲು. ಕೊರಕಲಿನಲ್ಲಿ ನಡೆದರೆ ಮರೆಯುಂಟು, ಆದರೆ ಮೇಲಿರುವವನ ಕೈಗೆ ಸಿಕ್ಕಿಬೀಳಬಹುದು. ಏಣಿನ ನೆತ್ತಿಯಲ್ಲಿ ನಡೆದರೆ ದೂರ ಕಾಣುತ್ತದೆ, ಆದರೆ ಆಕಾಶದೆದುರು ನಾವೇ ಎದ್ದು ಕಾಣುತ್ತೇವೆ.

ನಮ್ಮ ತರಗತಿಯಲ್ಲಾದರೋ ಸಮೋನ್ನತ ರೇಖೆಯ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸಿ ಅಂಕ ಪಡೆಯುತ್ತೇವೆ. 1:50,000 ಪ್ರಮಾಣದ ಟೋಪೋಶೀಟನ್ನು ಮುಂದಿಟ್ಟರೆ ಊರ ಹಳ್ಳ ಎಲ್ಲಿಂದ ಇಳಿಯುತ್ತದೆಂದು ತೋರಿಸಬಲ್ಲವರು ಎಷ್ಟು ಮಂದಿ? ಎನ್.ಸಿ.ಸಿ.ಯಲ್ಲಿ ನಕ್ಷೆ ಓದುವುದನ್ನು ಕಲಿಸುತ್ತಾರೆ, ನಿಜ; ಅದು ಕೆಡೆಟ್ಟುಗಳ ಸೊತ್ತಾಗಿ ಮಾತ್ರ ಉಳಿಯಬಾರದು.

ಇಂಗ್ಲಿಷ್ ಹೆಸರುಗಳೆಂದು ಹಿಂಜರಿಯಬೇಕಾಗಿಲ್ಲ. ದಿಣ್ಣೆ, ಬೋರೆ, ಏಣು, ಕೊರಕಲು, ಕೊಳ್ಳ, ತಗ್ಗು, ಏರಿ ಎಂಬ ಮಾತುಗಳು ಅಕ್ಷರ ಕಲಿಯದ ನಮ್ಮ ತಂದೆತಾಯಿಯರ ಬಾಯಲ್ಲಿವೆ. ಪದವಿ ಪಡೆಯಲು ಬಂದ ನಾವು ಅವನ್ನು ಮನೆಯಲ್ಲೇ ಬಿಟ್ಟುಬಂದಿದ್ದೇವೆ. ಕೊರತೆಯೂ ಇಲ್ಲದಿಲ್ಲ. 'ಕಣಿವೆ' ಎಂಬುದು ಬೆಟ್ಟಗಳ ನಡುವಿನ ದಾರಿಗೂ ಸಲ್ಲುತ್ತದೆ, ತಗ್ಗಿನ ಬಯಲಿಗೂ ಸಲ್ಲುತ್ತದೆ. ಸ್ಯಾಡಲ್ಲಿಗೆ ಬೇರೊಂದು ಹೆಸರನ್ನು ನಾವೇ ಗೊತ್ತುಮಾಡಿಕೊಳ್ಳಬೇಕು.

ಆಟದಲ್ಲಿ ಕಾಲು ನೋಯದು. ಸತ್ತವನು ಮತ್ತೆ ಎದ್ದು ಬರುತ್ತಾನೆ. ಆದುದರಿಂದ ಅದರಿಂದ ಯುದ್ಧವನ್ನು ಅರಿತೆವೆಂದು ಬೀಗುವುದು ಮೂರ್ಖತನ. ಆದರೆ ನೆಲವನ್ನು ಓದುವ ಕಣ್ಣು ಸೈನಿಕನಿಗೆ ಮಾತ್ರವೇ ಬೇಕಾದುದು? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಜನ ಸತ್ತರು. ಗುಡ್ಡವನ್ನು ಎಲ್ಲಿ ಕಡಿದಿದೆ, ಮಳೆನೀರು ಯಾವ ಕೊರಕಲಿನಲ್ಲಿ ಇಳಿಯುತ್ತದೆ ಎಂದು ನೋಡಬಲ್ಲವರು ಊರೂರಿಗೂ ಬೇಕು.

ವರ್ಷದಲ್ಲಿ ಒಂದು ದಿನವಾದರೂ ಅಧ್ಯಾಪಕರು ನಮ್ಮನ್ನು ನಕ್ಷೆಯೊಡನೆ ಹತ್ತಿರದ ಗುಡ್ಡಕ್ಕೆ ಕರೆದೊಯ್ಯಲಿ. ಆಟವಾಡಿ ಕಲಿತ ಗೆಳೆಯರು ಮುಂದೆ ನಡೆಯಲಿ. ಹೊಲದಲ್ಲಿ ಬೆಳೆದ ಗೆಳೆಯರು ಹೆಸರು ಹೇಳಲಿ.